ನಲವತ್ತು ಜನ ಹೇಳಿದ ಮೂರು ಗೋಲು

ಫುಟ್‌ಬಾಲ್ ಪಂದ್ಯದಲ್ಲಿ ಎಷ್ಟು ಗೋಲು ಆಗುತ್ತವೆ ಎಂಬ ಚಿಂತೆ ಬಸ್ ಕಂಪನಿಗೆ ಯಾಕೆ ಎಂದು ಮನೆಯಲ್ಲಿ ಎಲ್ಲರೂ ಕೇಳಿದರು. ಆ ಕೆಲಸ ನನ್ನ ಮೇಜಿಗೆ ಬಂದ ದಿನ ನಾನೂ ಅದನ್ನೇ ಕೇಳಿದ್ದೆ. ನಮ್ಮದು ನ್ಯೂಜೆರ್ಸಿಯಲ್ಲಿ ಬಾಡಿಗೆ ಬಸ್ಸುಗಳನ್ನು ಓಡಿಸುವ ಕಂಪನಿ. ಯಾವ ಬಸ್ಸು ಎಷ್ಟು ಹೊತ್ತಿಗೆ ಎಲ್ಲಿರಬೇಕು, ಅದರಲ್ಲಿ ಯಾವ ಚಾಲಕ ಇರಬೇಕು ಎಂದು ಲೆಕ್ಕ ಹಾಕುವವಳು ನಾನು. ಆ ಬೇಸಿಗೆಯಲ್ಲಿ ಎರಡು ದೇಶಗಳ ನಡುವಿನ, ಸೋತವರು ಹೊರಬೀಳುವ ನಾಕೌಟ್ ಪಂದ್ಯವೊಂದು ನಮ್ಮ ಕಡೆಯ ಸ್ಟೇಡಿಯಮ್ಮಿಗೆ ಬಂದಿತ್ತು. ಅಭಿಮಾನಿಗಳನ್ನು ಹೋಟೆಲುಗಳಿಂದ ಕರೆತಂದು ಮತ್ತೆ ಅಲ್ಲಿಗೇ ಬಿಡುವ ಗುತ್ತಿಗೆ ನಮಗೆ ಸಿಕ್ಕಿತ್ತು.

ತೊಡಕಿದ್ದದ್ದು ಚಾಲಕರ ಗಡುವಿನಲ್ಲಿ. ಬಸ್ ಚಾಲಕರು ಡ್ಯೂಟಿಗೆ ಹಾಜರಾಗಿ ಹದಿನೈದು ಗಂಟೆ ಕಳೆದ ಮೇಲೆ ಪ್ರಯಾಣಿಕರನ್ನು ಕೂರಿಸಿಕೊಂಡು ಓಡಿಸುವಂತಿಲ್ಲ. ಸ್ಟೀರಿಂಗಿನ ಪಕ್ಕದ ಯಂತ್ರ ಎಲ್ಲವನ್ನೂ ತಾನೇ ಬರೆದುಕೊಳ್ಳುತ್ತದೆ, ಅದರ ಹತ್ತಿರ ಯಾರ ಮುಲಾಜೂ ನಡೆಯುವುದಿಲ್ಲ. ಪಂದ್ಯದ ದಿನ ನಮ್ಮವರು ಬೆಳಗಿನ ಜಾವದಿಂದಲೇ ವಿಮಾನ ನಿಲ್ದಾಣ, ಹೋಟೆಲು ಎಂದು ಸುತ್ತುತ್ತಿರುತ್ತಾರೆ. ಪಂದ್ಯ ತೊಂಬತ್ತು ನಿಮಿಷಕ್ಕೆ ಮುಗಿದರೆ ಜನರನ್ನು ಬಿಟ್ಟು ಬರಲು ಸಮಯ ಸರಿಹೋಗುತ್ತದೆ. ಸಮಸಮವಾಗಿ ನಿಂತು, ಹೆಚ್ಚುವರಿ ಆಟ, ಪೆನಾಲ್ಟಿ ಎಂದು ಎಳೆದರೆ ಗಡುವು ನಡುದಾರಿಯಲ್ಲೇ ದಾಟುತ್ತದೆ. ಹಾಗಾಗಬಾರದೆಂದರೆ ಸ್ಟೇಡಿಯಮ್ಮಿನ ಪಾರ್ಕಿಂಗ್ ಲಾಟಿನಲ್ಲಿ ಬದಲಿ ಚಾಲಕರು ಕಾದಿರಬೇಕು. ಅಂಥ ಬೇಸಿಗೆಯಲ್ಲಿ ಬದಲಿ ಚಾಲಕರು ಕರೆದ ತಕ್ಷಣ ಬರುವವರಲ್ಲ. ಇನ್ನೊಂದು ಕಂಪನಿಯಿಂದ ಮೊದಲೇ ಕಾದಿರಿಸಬೇಕು, ಬೇಡವೆಂದರೆ ಪಂದ್ಯದ ಹಿಂದಿನ ಶುಕ್ರವಾರದೊಳಗೆ ಹೇಳಿಬಿಡಬೇಕು.

ಇದರಲ್ಲಿ ಒಬ್ಬ ಚಾಲಕರ ವಿಷಯ ನನ್ನನ್ನು ಚುಚ್ಚುತ್ತಿತ್ತು. ಅವರು ಪೆರು ದೇಶದವರು, ನಮ್ಮ ಕಂಪನಿಯಲ್ಲೇ ತಲೆ ನರೆಸಿಕೊಂಡವರು. ಆ ವರ್ಷದ ಮಾರ್ಚಿನಲ್ಲಿ ಒಂದು ಸಂಗೀತ ಕಾರ್ಯಕ್ರಮ ತಡವಾಗಿ ಮುಗಿದು, ಹೈವೇಯ ಮೇಲೆ ಅವರ ಗಡುವು ದಾಟಿತ್ತು. ಹೆಂಗಸರು ಮಕ್ಕಳನ್ನು ರಸ್ತೆ ಬದಿಯಲ್ಲಿ ಇಳಿಸಲಾರದೆ ಹೋಟೆಲಿನ ತನಕ ಓಡಿಸಿದರು. ಯಂತ್ರ ಬರೆದುಕೊಂಡಿತು, ಕಂಪನಿ ಕೊನೆಯ ಎಚ್ಚರಿಕೆ ಕೊಟ್ಟಿತು. ಇನ್ನೊಮ್ಮೆ ಹಾಗಾದರೆ ಕೆಲಸವೇ ಹೋಗುತ್ತದೆ. ಪಂದ್ಯದ ದಿನಕ್ಕೆ ಅವರನ್ನು ಹಾಕಿದ್ದೂ ನಾನೇ, ಬೇರೆ ಯಾರೂ ಉಳಿದಿರಲಿಲ್ಲ. ಡಿಪೋದಲ್ಲಿ ಸಿಕ್ಕಾಗ ಅವರು ಕೇಳಿದ್ದು ಒಂದೇ, ಈ ಆಟ ಟೈಮಿಗೆ ಮುಗಿಯುತ್ತದೆಯೇ ಎಂದು. ನೋಡಿ ಹೇಳುತ್ತೇನೆ ಎಂದಿದ್ದೆ.

ನಮ್ಮ ಡೈರೆಕ್ಟರಿಗೆ ಪ್ರೆಡಿಕ್ಷನ್ ಮಾರ್ಕೆಟ್ಟಿನ ಹುಚ್ಚು ಹಿಡಿದದ್ದು ಆಗಲೇ. ಒಬ್ಬ ಪಂಡಿತನನ್ನು ಕೇಳುವ ಬದಲು ನೂರು ಸಾಮಾನ್ಯರಿಗೆ ‘ಹೀಗಾಗುತ್ತದೆ’ ಎಂಬ ಚೀಟಿ ಮಾರಿ. ಅವರವರ ಅನಿಸಿಕೆಯ ಮೇಲೆ ಅವರು ಕೊಂಡು ಮಾರಿದಾಗ ನಿಲ್ಲುವ ಬೆಲೆಯೇ ಒಳ್ಳೆಯ ಅಂದಾಜು ಎಂಬುದು ಅದರ ತಿರುಳು. ದುಡ್ಡಿನ ಮಾರ್ಕೆಟ್ಟುಗಳನ್ನು ಆಫೀಸಿನಿಂದ ಮುಟ್ಟಬೇಡಿ ಎಂದು ವಕೀಲರು ಹೇಳಿದ್ದರಿಂದ, ಅವರು ಬರೀ ಪಾಯಿಂಟುಗಳ ಮಾರ್ಕೆಟ್ಟೊಂದನ್ನು ತರಿಸಿ ನನ್ನ ಕೊರಳಿಗೆ ಕಟ್ಟಿದರು. ಸೇರಿದವರಿಗೆಲ್ಲ ಒಂದಿಷ್ಟು ಪಾಯಿಂಟು. ಚೀಟಿಗಳು ಐದು: ಸೊನ್ನೆ ಗೋಲು, ಒಂದು, ಎರಡು, ಮೂರು, ನಾಲ್ಕು ಅಥವಾ ಹೆಚ್ಚು. ನಿಜವಾದ ಚೀಟಿಗೆ ಕೊನೆಗೆ ನೂರು ಪಾಯಿಂಟು, ಉಳಿದವಕ್ಕೆ ಸೊನ್ನೆ. ಯಾವುದಾದರೂ ಚೀಟಿಯ ಬೆಲೆ ಇಪ್ಪತ್ತೈದು ಪಾಯಿಂಟು ಎಂದರೆ, ಅಷ್ಟು ಗೋಲಾಗುವ ಸಾಧ್ಯತೆ ನೂರಕ್ಕೆ ಇಪ್ಪತ್ತೈದು ಎಂದು ಮಾರ್ಕೆಟ್ಟು ಹೇಳುತ್ತಿದೆ ಎಂದರ್ಥ.

ನಿಯಮ ಬರೆಯುವುದರಲ್ಲೇ ಒಂದು ವಾರ ಹೋಯಿತು. ಪೆನಾಲ್ಟಿ ಹೊಡೆತಗಳು ಗೋಲಿನ ಲೆಕ್ಕಕ್ಕೆ ಬರುತ್ತವೆಯೇ, ತನ್ನ ಗೋಲಿಗೆ ತಾನೇ ಹೊಡೆದುಕೊಂಡರೆ ಏನು ಎಂದು ಡಿಪೋದವರು ನನ್ನ ಜೀವ ತಿಂದರು. ತೊಂಬತ್ತು ನಿಮಿಷ ಮತ್ತು ರೆಫರಿ ಸೇರಿಸುವ ನಿಮಿಷಗಳಲ್ಲಿ ಆದ ಗೋಲು ಮಾತ್ರ, ಯಾರು ಹೊಡೆದರೂ ಗೋಲು ಗೋಲೇ ಎಂದು ಬರೆದೆ. ಹಾಗೆ ಬರೆಯುವಾಗ ಒಂದು ವಿಷಯ ಹೊಳೆದು ಖುಷಿಯಾಯಿತು. ಒಟ್ಟು ಗೋಲು ಬೆಸ ಸಂಖ್ಯೆಯಾದರೆ ಪಂದ್ಯ ಸಮವಾಗಲು ಸಾಧ್ಯವೇ ಇಲ್ಲ, ಅಂದರೆ ಹೆಚ್ಚುವರಿ ಆಟವೂ ಇಲ್ಲ. ಸೊನ್ನೆ ಬಂದರೆ ನಾವು ಕೆಟ್ಟೆವು. ಎರಡು ಬಂದರೆ ಎತ್ತಲಾಗಿಯೂ ಹೋಗಬಹುದು. ಒಂದೋ ಮೂರೋ ಬಂದರೆ ಚಾಲಕರು ಟೈಮಿಗೆ ಮನೆ ಸೇರುತ್ತಾರೆ.

ಮಾರ್ಕೆಟ್ಟು ತೆರೆದರೆ ಅಂಗಡಿಗೆ ಗಿರಾಕಿಗಳೇ ಇಲ್ಲ. ಆಫೀಸಿನವರು ಹತ್ತು ಹನ್ನೆರಡು ಜನ ಮೊದಲ ದಿನ ಆಡಿ ಮರೆತರು. ತಲೆಗಳು ಹೆಚ್ಚಾಗಬೇಕು, ಮನೆಯವರು ಸ್ನೇಹಿತರು ಎಲ್ಲರಿಗೂ ಲಿಂಕ್ ಕಳಿಸಿ ಎಂದರು ಡೈರೆಕ್ಟರು. ನಾನು ಈಸ್ಟ್ ಬ್ರನ್ಸ್‌ವಿಕ್ಕಿನ ನಮ್ಮ ಕನ್ನಡ ಕೂಟದ ವಾಟ್ಸ್ಯಾಪ್ ಗುಂಪಿಗೆ ಹಾಕಿದೆ. ಗುಡ್ ಮಾರ್ನಿಂಗ್ ಹೂಗಳ ನಡುವೆ ಅದು ಎಲ್ಲೋ ಮುಳುಗಿತೆಂದುಕೊಂಡೆ.

ಆ ಭಾನುವಾರ ಒಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಅಂಕಲ್ ಒಬ್ಬರು ಲಿಂಕ್ ನೋಡಿದೆ ಎಂದರು. ಮೈಸೂರಿನವರು, ಇಂಜಿನಿಯರಾಗಿ ನಿವೃತ್ತರು, ಈಗ ಮಾಲಿನೊಳಗೆ ಬೆಳಗಿನ ವಾಕಿಂಗ್ ಮಾಡುವ ಹಿರಿಯರ ಗುಂಪಿಗೆ ಅವರೇ ಮುಂದಾಳು. ಎಷ್ಟು ಗೋಲಾಗಬಹುದು ಎಂದು ವಿಚಾರಿಸಿದರು. ನನ್ನ ಕೈಯಲ್ಲಿ ತಟ್ಟೆ, ಗಮನವೆಲ್ಲ ಪುಳಿಯೋಗರೆಯ ಕಡೆ. ಹಿಂದಿನ ಪಂದ್ಯಗಳನ್ನು ನೋಡಿ ನಾನೇ ಮಾಡಿಕೊಂಡಿದ್ದ ಲೆಕ್ಕದಲ್ಲಿ ಎರಡು, ಮೂರು ಎರಡೂ ನೂರಕ್ಕೆ ಇಪ್ಪತ್ತೈದರ ಹತ್ತಿರವೇ ಇದ್ದವು, ಮೂರು ಕೂದಲೆಳೆಯಷ್ಟು ಮುಂದೆ. ಅಷ್ಟು ವಿವರ ಯಾರು ಹೇಳುತ್ತಾರೆ.

“ಮೂರಾಗ್ಬೋದು ಅನ್ಸತ್ತೆ ಅಂಕಲ್,” ಎಂದೆ.

ಮಂಗಳವಾರದ ಹೊತ್ತಿಗೆ ಮಾರ್ಕೆಟ್ಟಿಗೆ ಜೀವ ಬಂತು. ಮೂರು ಗೋಲಿನ ಚೀಟಿ ಮೂವತ್ತಾಯಿತು, ಮರುದಿನ ನಲವತ್ತು. ನನಗೆ ಮೊದಲು ಹೆಮ್ಮೆಯೇ ಆಯಿತೆನ್ನಬೇಕು. ನನ್ನ ಲೆಕ್ಕ ಹೇಳಿದ್ದನ್ನೇ ಗುರುತಿಲ್ಲದ ಇಷ್ಟು ಜನ ತಾವಾಗಿ ಹೇಳುತ್ತಿದ್ದಾರಲ್ಲ ಎಂದು ನನ್ನ ಲೆಕ್ಕವನ್ನೂ ಸ್ವಲ್ಪ ಮೇಲಕ್ಕೆ ತಿದ್ದಿದೆ. ಐವತ್ತು ಮುಟ್ಟಿದಾಗ ಹೆಮ್ಮೆ ಇಳಿದು ಅನುಮಾನ ಶುರುವಾಯಿತು. ಫುಟ್‌ಬಾಲಿನಲ್ಲಿ ಇಷ್ಟೇ ಗೋಲು ಎಂದು ಇಷ್ಟು ಗಟ್ಟಿಯಾಗಿ ಹೇಳಲು ದೇವರಿಗೂ ಆಗದು. ಮನೆಗೆ ಹೋಗಿ ಹೊರಗಿನ ದೊಡ್ಡ ಮಾರ್ಕೆಟ್ಟುಗಳನ್ನು ನೋಡಿದರೆ ಅಲ್ಲಿ ಮೂರು ಇನ್ನೂ ಇಪ್ಪತ್ತೈದರ ಸುತ್ತಲೇ ಕೂತಿತ್ತು. ಯಾವುದನ್ನು ನಂಬಬೇಕು? ಹೊರಗಿನವರಿಗೆ ಗೊತ್ತಿಲ್ಲದ್ದು ನಮ್ಮವರಿಗೆ ಏನು ಗೊತ್ತಿದೆ? ತಲೆ ಬುಡ ಅರ್ಥವಾಗಲಿಲ್ಲ.

ತಪ್ಪು ಹುಡುಕಲು ಕೂತೆ. ಒಂದೇ ಖರೀದಿಯನ್ನು ಎರಡು ಸಲ ಎಣಿಸುತ್ತಿದೆಯೇ ಎಂದು ನೋಡಿದೆ, ಇಲ್ಲ. ಕೊಳ್ಳುವವರು ಕಡಿಮೆಯಿದ್ದಾಗ ಬೆಲೆಯನ್ನು ಎಷ್ಟು ಜಿಗಿಸಬೇಕೆಂಬ ಸೆಟ್ಟಿಂಗ್ ತಪ್ಪಿರಬಹುದೆಂದು ಪ್ರತಿಯೊಂದು ಖರೀದಿಯನ್ನೂ ಕೈಯಲ್ಲೇ ಲೆಕ್ಕ ಹಾಕಿದೆ, ತಾಳೆಯಾಯಿತು. ಒಬ್ಬರ ಹೆಸರು ನೋಡಿ ಇನ್ನೊಬ್ಬರು ಕೊಳ್ಳಬಾರದೆಂದು ಸಾಫ್ಟ್‌ವೇರು ಎಲ್ಲರಿಗೂ ನೀಲಿ ಕರಡಿ, ಹಸಿರು ಆಮೆ ಎಂದು ಪ್ರಾಣಿಗಳ ಹೆಸರಿಟ್ಟಿತ್ತು. ಹೀಗಾಗಿ ಯಾರು ಕೊಂಡರೆಂದು ನನಗೂ ಕಾಣದು. ಕಂಡದ್ದೊಂದೇ ವಿಚಿತ್ರ. ಖರೀದಿಗಳು ಬೆಳಿಗ್ಗೆ ಒಂದು ಹೊತ್ತು ಗುಂಪಾಗಿ ಬಂದು ನಿಲ್ಲುತ್ತಿದ್ದವು, ಮತ್ತೆ ಮಧ್ಯಾಹ್ನ ಊಟವಾಗುವ ಹೊತ್ತಿಗೆ ಗುಂಪಾಗಿ ಬರುತ್ತಿದ್ದವು. ಮನುಷ್ಯರು ಹೀಗೆ ಒಟ್ಟೊಟ್ಟಿಗೆ ಕೊಳ್ಳುವುದಿಲ್ಲ, ಯಾರೋ ರೋಬೋಟು ಬಿಟ್ಟಿದ್ದಾರೆಂದು ಸಾಫ್ಟ್‌ವೇರ್ ಮಾರಿದವರಿಗೆ ದೂರು ಕೊಟ್ಟೆ. ಅವರು ಎರಡು ದಿನ ಪರೀಕ್ಷಿಸಿ, ಇವರೆಲ್ಲ ಖಂಡಿತ ಮನುಷ್ಯರೇ ಎಂದು ಉತ್ತರಿಸಿದರು. ಅರ್ಧಕ್ಕರ್ಧ ಜನ ಪಾಸ್‌ವರ್ಡ್ ಮರೆತು ಮತ್ತೆ ಮತ್ತೆ ಕೇಳಿದ್ದಾರಂತೆ, ರೋಬೋಟು ಹಾಗೆ ಮರೆಯುವುದಿಲ್ಲವಂತೆ.

ಡೈರೆಕ್ಟರಿಗೆ ಮಾತ್ರ ಸಂಭ್ರಮ. ಮೂರರ ಬೆಲೆಯ ಗೆರೆ ಅಷ್ಟು ಎತ್ತರಕ್ಕೆ ಚುಚ್ಚಿಕೊಂಡು ನಿಂತಿರುವುದೇ ಜನರ ವಿಶ್ವಾಸಕ್ಕೆ ಸಾಕ್ಷಿ, ಹೊರಗಿನ ಮಾರ್ಕೆಟ್ಟಿನ ತುಂಬ ಅಭಿಮಾನಿಗಳ ಗದ್ದಲ, ನಮ್ಮದು ತಣ್ಣಗಿನ ತಲೆಗಳ ಮಾರ್ಕೆಟ್ಟು ಎಂದರು. ಮೂರು ಬೆಸ ಸಂಖ್ಯೆ ತಾನೇ, ನೀವೇ ಹೇಳಿದ ಹಾಗೆ ಆಟ ಟೈಮಿಗೆ ಮುಗಿದ ಹಾಗೆಯೇ, ಬದಲಿ ಚಾಲಕರನ್ನು ಶುಕ್ರವಾರ ಬಿಟ್ಟುಬಿಡಿ ಎಂದರು. ಎದುರಾಡಲು ನನ್ನ ಹತ್ತಿರ ಕಾರಣವಿರಲಿಲ್ಲ. ಎಲ್ಲ ಸರಿಯಿದೆ ಎಂದು ಪರೀಕ್ಷೆ ಮಾಡಿ ತೋರಿಸಿದವಳು ನಾನೇ. ಪೆರುವಿನ ಚಾಲಕರು ಮತ್ತೆ ಕೇಳಿದಾಗ, ಮುಗಿಯುವ ಹಾಗೆ ಕಾಣುತ್ತದೆ ಎಂದುಬಿಟ್ಟೆ. ಅವರು ತಲೆಯಾಡಿಸಿ ಹೋದರು.

ಮುಂದಿನ ಭಾನುವಾರ ಕೂಟದ ಮೀಟಿಂಗಿನಲ್ಲಿ ಅಂಕಲ್ ಮತ್ತೆ ಸಿಕ್ಕಿ ಈಗೇನನಿಸುತ್ತದೆ ಎಂದರು. ಮೂರೇ ಅಂತ ಕಾಣತ್ತೆ ಅಂಕಲ್, ಮಾರ್ಕೆಟ್ಟೂ ಅದನ್ನೇ ಹೇಳುತ್ತಿದೆ ಎಂದೆ. ಸೋಮವಾರ ಬೆಳಿಗ್ಗೆ ಚೀಟಿ ಅರವತ್ತು ದಾಟಿತು.

ಗಂಟು ಬಿಚ್ಚಿಕೊಂಡದ್ದು ಗುರುವಾರ, ಅಂಕಲ್ ಫೋನ್ ಮಾಡಿದಾಗ. ಅವರಿಗೆ ಸಿಟ್ಟು ಬಂದಿತ್ತು. ನಿಮ್ಮ ಸಾಫ್ಟ್‌ವೇರಿನಲ್ಲಿ ನ್ಯಾಯವಿಲ್ಲ ಎಂದು ಶುರು ಮಾಡಿದರು. ಯಾರ ಪಾಯಿಂಟು ಎಷ್ಟೆಂದು ತೋರಿಸುವ ಪಟ್ಟಿಯಲ್ಲಿ ವಾಕಿಂಗ್ ಗುಂಪಿನ ಇನ್ನೊಬ್ಬರು ಮೇಲಿದ್ದಾರಂತೆ, ಇವರು ಎಲ್ಲೋ ಕೆಳಗಿದ್ದಾರಂತೆ.

“ಇಬ್ರೂ ಒತ್ತಿದ್ದು ಮೂರೇ ಅಲ್ವೇನಮ್ಮ? ಗುಂಪಿಗೆ ನೀನು ಹೇಳಿದ್ದನ್ನ ತಿಳಿಸಿದವನು ನಾನು. ಅವನು ಅಲ್ಲೇ ಮಾಲ್‌ನಲ್ಲಿ ನಿಂತ್ಕೊಂಡು ನನಗಿಂತ ಮುಂಚೆ ಒತ್ತಿಬಿಟ್ಟ.”

ಮೊದಲು ಒತ್ತಿದವರಿಗೆ ಚೀಟಿ ಅಗ್ಗಕ್ಕೆ ಸಿಕ್ಕಿರುತ್ತದೆ ಎಂದು ವಿವರಿಸುವುದನ್ನು ಬಿಟ್ಟು, ಎಷ್ಟು ಜನ ಒತ್ತಿದ್ದಾರೆ ಅಂಕಲ್ ಎಂದು ಕೇಳಿದೆ.

“ನಮ್ಮ ವಾಕಿಂಗ್ ಗ್ರೂಪ್ ಪೂರ್ತಿ. ದಿನಾ ಬೆಳಿಗ್ಗೆ ಮಾಲ್‌ನಲ್ಲಿ ಒಂದಷ್ಟು ಜನ, ಊಟ ಆದ್ಮೇಲೆ ಮನೆಯಿಂದ ಒಂದಷ್ಟು ಜನ. ನಲವತ್ತು ಜನ ಆಗ್ಬೋದು. ನ್ಯೂಯಾರ್ಕಿನ ಜೆರಿಕೋದಲ್ಲಿ ನನ್ನ ಷಡ್ಕ ಇದಾನಲ್ಲ, ಅವನಿಗೂ ಹೇಳ್ದೆ. ನಮ್ಮನೆಯವಳೊಬ್ಳು ಎರಡು ಒತ್ತಿದಾಳೆ. ಮೂರು ಸರಿಯಿಲ್ವಂತೆ, ಮೂರು ಜನ ಹೊರಟ್ರೆ ಕೆಲಸ ಆಗಲ್ವಂತೆ.”

ನೀವೆಲ್ಲ ನಿಮಗನಿಸಿದ್ದನ್ನು ಒತ್ತಬೇಕಿತ್ತು ಎಂದೆ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

“ನಮಗೇನು ಗೊತ್ತಮ್ಮ ಫುಟ್‌ಬಾಲು? ಅದೇ ಕೆಲ್ಸ ಮಾಡೋಳು ನಮ್ಮವಳೇ ಒಬ್ಳು ಇರೋವಾಗ ಇನ್ಯಾರನ್ನ ಕೇಳೋದು?”

ಫೋನಿಟ್ಟೆ. ಅವರ ಮಾತಿನಲ್ಲಿ ತಪ್ಪೇನಿತ್ತು? ನಾವು ಬದುಕಿದ್ದೇ ಹಾಗೆ. ಒಬ್ಬರು ಯಾವ ವ್ಯಾನ್ ಕೊಂಡರೋ ಇಡೀ ಬೀದಿಯ ಕನ್ನಡದವರು ಅದೇ ವ್ಯಾನ್ ಕೊಂಡಿದ್ದೇವೆ. ಒಬ್ಬರ ಹಲ್ಲಿನ ಡಾಕ್ಟರು ಎಲ್ಲರ ಹಲ್ಲಿನ ಡಾಕ್ಟರು, ಒಬ್ಬರ ಮನೆ ಕೊಡಿಸಿದ ಏಜೆಂಟೇ ಎಲ್ಲರ ಏಜೆಂಟು. ಗೊತ್ತಿರುವವರನ್ನು ಕೇಳಿ ಅವರು ಹೇಳಿದ ಹಾಗೆ ಮಾಡುವುದು ನಮ್ಮಲ್ಲಿ ವಿನಯ, ಅದರಿಂದ ಈ ದೇಶದಲ್ಲಿ ನಾವು ಎಷ್ಟೋ ಗುಂಡಿಗಳನ್ನು ತಪ್ಪಿಸಿಕೊಂಡಿದ್ದೇವೆ. ಮಾರ್ಕೆಟ್ಟಿಗೆ ಬೇಕಿದ್ದದ್ದು ಅದಕ್ಕೆ ತೀರ ಉಲ್ಟಾ, ಯಾರನ್ನೂ ಕೇಳದ ನೂರು ಮೊಂಡರು. ಪುಳಿಯೋಗರೆಯ ಸಾಲಿನಲ್ಲಿ ಅರೆಮನಸ್ಸಿನಿಂದ ಹೇಳಿದ ಮಾತು ನಲವತ್ತು ಬಾಯಿಗಳಿಂದ ವಾಪಸ್ ಬಂದಿತ್ತು. ನಾನು ಅದನ್ನು ಜನರ ವಿವೇಕವೆಂದು ನಂಬಿ, ಅದರ ಬಲದ ಮೇಲೆ ಮತ್ತೊಮ್ಮೆ ಹೇಳಿದ್ದೆ. ಅಷ್ಟು ಜನರಲ್ಲಿ ಸ್ವಂತ ಅಭಿಪ್ರಾಯವಿದ್ದವರು ಆಂಟಿ ಒಬ್ಬರೇ.

ಶುಕ್ರವಾರ ಬೆಳಿಗ್ಗೆಯೇ ಡೈರೆಕ್ಟರ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿದೆ. ಅವರು ನಗಲಿಲ್ಲ. ಆ ನಲವತ್ತು ಖಾತೆಗಳನ್ನು ತೆಗೆದುಹಾಕಿದರೆ ಏನು ಉಳಿಯುತ್ತದೆ ಎಂದರು. ಬೆಳಿಗ್ಗೆ, ಮಧ್ಯಾಹ್ನ ಗುಂಪಾಗಿ ಬಂದ ಖರೀದಿಗಳನ್ನೆಲ್ಲ ಅಲ್ಲೇ ಕೂತು ತೆಗೆದು ತೋರಿಸಿದೆ. ಉಳಿದದ್ದು ಆಫೀಸಿನವರ ನಾಲ್ಕಾರು ಖರೀದಿ, ಐದೂ ಚೀಟಿಗಳು ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ನಿಂತವು. ಅದರಿಂದ ಏನೂ ಹೇಳಲಾಗದು. ಹಾಗಾದರೆ ನಿಮ್ಮ ಅಂದಾಜೇನು ಎಂದರು. ನನ್ನ ಲೆಕ್ಕವನ್ನು ನಾನೇ ಮಾರ್ಕೆಟ್ಟು ನೋಡಿಕೊಂಡು ತಿದ್ದಿದ್ದೆ. ಅದರಲ್ಲಿ ನನ್ನದೆಷ್ಟು, ನನ್ನ ಪ್ರತಿಧ್ವನಿಯೆಷ್ಟು ಎಂದು ಬೇರೆ ಮಾಡುವುದು ಹೇಗೆಂದು ಆಗ ತಿಳಿಯಲಿಲ್ಲ. ಗೊತ್ತಿಲ್ಲ ಎಂದೆ.

ಗೊತ್ತು ಮಾಡಿಕೊಳ್ಳಲೆಂದೇ ನಿಮ್ಮನ್ನು ಇಟ್ಟುಕೊಂಡಿದ್ದೇವೆ ಎಂದರು ಅವರು. ನಾಚಿಕೆಯಾಯಿತು, ಕೋಪವೂ ಬಂತು, ಯಾರ ಮೇಲೆ ಎಂದು ಮಾತ್ರ ಸ್ಪಷ್ಟವಾಗಲಿಲ್ಲ. ಮಧ್ಯಾಹ್ನದೊಳಗೆ ಬದಲಿ ಚಾಲಕರನ್ನು ಬಿಡಬೇಕು ಅಥವಾ ಇಟ್ಟುಕೊಳ್ಳಬೇಕು. ಗೋಲು ಎಷ್ಟಾಗುತ್ತದೆ ಎಂದು ಹೇಳಲಾರೆ, ಆದರೆ ಹೇಳಲಾರದಿದ್ದಾಗ ಯಾರನ್ನು ಅಪಾಯಕ್ಕೆ ಒಡ್ಡುತ್ತೇವೆ ಎಂಬುದು ಗೊತ್ತಿದೆ ಎಂದೆ. ಪೆರುವಿನ ಚಾಲಕರ ಹೆಸರು ಹೇಳಿದೆ. ಡೈರೆಕ್ಟರು ಕಿಟಕಿಯ ಕಡೆ ನೋಡುತ್ತ, ಇಟ್ಟುಕೊಳ್ಳುವುದಾದರೆ ಅದು ನಿಮ್ಮ ತೀರ್ಮಾನ, ಖರ್ಚಿಗೆ ವಿವರಣೆ ಕೇಳಿದರೆ ನೀವೇ ಕೊಡಬೇಕು ಎಂದರು. ಇಟ್ಟುಕೊಂಡೆ.

ಪಂದ್ಯದ ದಿನ ಸಂಜೆ ನಾನು ಸ್ಟೇಡಿಯಮ್ಮಿನ ಹೊರಗಿನ ಲಾಟಿನಲ್ಲಿ, ನಮ್ಮ ಕಂಟ್ರೋಲ್ ವ್ಯಾನಿನಲ್ಲಿದ್ದೆ. ಬದಲಿ ಚಾಲಕರು ನೆರಳಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ಮೊದಲರ್ಧದಲ್ಲಿ ಒಂದು ಗೋಲು. ವಿರಾಮದ ನಂತರ ಇನ್ನೊಂದು ಕಡೆಯವರೂ ಹೊಡೆದು ಒಂದು ಒಂದು ಆಯಿತು. ಆಮೇಲೆ ಏನೂ ಆಗಲಿಲ್ಲ. ಎಂಬತ್ತು ನಿಮಿಷ ದಾಟಿತು. ಮೂರು ಬೇಡವೆಂದ ಆಂಟಿಯ ನೆನಪಾಯಿತು. ಗಡುವು ಹತ್ತಿರವಿದ್ದ ಬಸ್ಸುಗಳನ್ನು ಬದಲಿಯವರಿಗೆ ಒಪ್ಪಿಸಿ ಎಂದು ರೇಡಿಯೋದಲ್ಲಿ ಹೇಳಿದೆ. ಪೆರುವಿನ ಚಾಲಕರು ತಮ್ಮ ಬ್ಯಾಗು, ನೀರಿನ ಬಾಟಲಿ ತೆಗೆದುಕೊಂಡು ಇಳಿದು ಬಂದು ಕುರ್ಚಿಯ ಮೇಲೆ ಕೂತರು. ಅವರಿಗೆ ಫುಟ್‌ಬಾಲೆಂದರೆ ಆಗದು, ಬೇಸ್‌ಬಾಲಿನ ಮನುಷ್ಯ. ಒಳಗಿನ ಗದ್ದಲಕ್ಕೆ ತಲೆಯೆತ್ತಿಯೂ ನೋಡಲಿಲ್ಲ.

ರೆಫರಿ ಸೇರಿಸಿದ ನಿಮಿಷಗಳಲ್ಲಿ, ಇನ್ನೇನು ಹೆಚ್ಚುವರಿ ಆಟವೇ ಎನ್ನುವಾಗ, ಮೂರನೆಯ ಗೋಲು ಬಿತ್ತು. ಪಂದ್ಯ ಮುಗಿಯಿತು. ಟೈಮಿಗೆ ಸರಿಯಾಗಿ.

ಜನ ಹೊರಗೆ ಬರುವ ಮೊದಲೇ ನನ್ನ ಫೋನು ಕುಣಿಯತೊಡಗಿತು. ಕೂಟದ ಗುಂಪಿನಲ್ಲಿ ಅಭಿನಂದನೆಗಳು, ಕೈಮುಗಿದ ಚಿತ್ರಗಳು, ನಮ್ಮ ಹುಡುಗಿ ಹೇಳಿದ್ದು ಸುಳ್ಳಾಗುತ್ತದೆಯೇ ಎಂಬ ಮಾತು. ಡೈರೆಕ್ಟರಿಂದಲೂ ಮೆಸೇಜು ಬಂತು. ಬೈದಿರಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಮಾರ್ಕೆಟ್ಟು ಹೇಳಿದ್ದೇ ಆಯಿತಲ್ಲ, ಮುಂದಿನ ಪಂದ್ಯಕ್ಕೂ ಆ ನಲವತ್ತು ಜನರನ್ನು ಬಿಡಬೇಡಿ ಎಂದು ಬರೆದಿದ್ದರು.

ನಾನು ಸರಿಯಾದದ್ದು ಯಾವಾಗ? ಊಟದ ಸಾಲಿನಲ್ಲಿ ಅರೆಮನಸ್ಸಿನಿಂದ ಮೂರು ಎಂದಾಗಲೋ, ಲೆಕ್ಕವನ್ನೆಲ್ಲ ನೋಡಿ ಗೊತ್ತಿಲ್ಲ ಎಂದಾಗಲೋ? ಬಸ್ಸುಗಳು ಒಂದೊಂದಾಗಿ ಹೊರಡುವುದನ್ನು ನೋಡುತ್ತ ಇದನ್ನು ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ. ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ. ಆ ಕೊನೆಯ ಗೋಲು ಬೀಳದೆ ಹೋಗಿದ್ದರೆ ನನ್ನನ್ನು ಜಾಣೆ ಎನ್ನುತ್ತಿದ್ದರು, ಬಿದ್ದದ್ದರಿಂದ ದಂಡಕ್ಕೆ ಖರ್ಚು ಮಾಡಿಸಿದವಳಾದೆ. ಎರಡರಲ್ಲೂ ನಾನು ಮಾಡಿದ ಕೆಲಸ ಒಂದೇ ಆಗಿತ್ತು.

ಪೆರುವಿನ ಚಾಲಕರು ತಮ್ಮದೇ ಬಸ್ಸಿನಲ್ಲಿ ಪ್ರಯಾಣಿಕರಾಗಿ ಡಿಪೋಗೆ ಹೊರಟಿದ್ದರು. ಹತ್ತುವ ಮುಂಚೆ ನನ್ನ ಹತ್ತಿರ ಬಂದರು. ಸುಮ್ಮನೆ ಇಳಿಸಿದಿರಲ್ಲ ಎನ್ನುತ್ತಾರೇನೋ ಎಂದು ಅಂಜಿದೆ. ಅವರು ಕೇಳಿದ್ದು ಮುಂದಿನ ವಾರದ ಪಂದ್ಯದ ವಿಷಯ, ಅದು ಟೈಮಿಗೆ ಮುಗಿಯುತ್ತದೆಯೇ ಎಂದು.

“ಗೊತ್ತಿಲ್ಲ,” ಎಂದೆ.

“ಬದಲಿ ಚಾಲಕ ಇರ್ತಾನಾ?”

“ಇರ್ತಾನೆ.”

ಅವರು ತಲೆಯಾಡಿಸಿ ಮೆಟ್ಟಿಲು ಹತ್ತಿ, ಮುಂದಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದರು. ಮುಂದಿನ ವಾರದ ಬದಲಿಯವರ ವಿಷಯ ನಾನು ಇನ್ನೂ ಡೈರೆಕ್ಟರನ್ನು ಕೇಳಿರಲಿಲ್ಲ. ಬದಲಿಯವನು ಇರುವ ಸಾಧ್ಯತೆ ನೂರಕ್ಕೆ ಎಷ್ಟು ಎಂದು ಈ ಚಾಲಕರೂ ನನ್ನನ್ನು ಕೇಳಲಿಲ್ಲ.